ಗೆರೆಯ ಕೆಳಗೆ ಎರಡು ಚುಕ್ಕಿ

೧೨ ಅಕ್ಟೋಬರ್ ೧೯೬೯, ರವಿವಾರ

ಶರಣಪ್ಪ ಇವತ್ತು ಪೇರಲ ಹಣ್ಣು ಕೊಯ್ದ ಚಾಕುವನ್ನು ನಾಲಿಗೆಯಿಂದ ನೆಕ್ಕಿ, ಅದನ್ನೇ ನನ್ನ ಮೂಗಿನ ಮುಂದೆ ಹಿಡಿದು, "ನೋಡ್ರಿ ಮಾರುದ್ರಪ್ಪಣ್ಣ, ಸ್ಟೇನ್‌ಲೆಸ್ ಅಂದ್ರ ಹಿಂಗ. ಒಂದು ಕಲೆ ಕೂಡೋದಿಲ್ಲ" ಎಂದ. ಎಂಜಲು ಹತ್ತಿದ ಅಲಗು! ಬಸ್ಸಿನಲ್ಲಿ ಟಿಕೀಟು ಹರಿಯುವಾಗ ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಅವನಿಗೆ ಅದೇ ಚಟವಾಗಿದೆ. ಕಂಡಕ್ಟರ್ ಆದವನಿಗೆ ಉಕ್ಕಿನ ಮರ್ಯಾದೆ ಏನು ಗೊತ್ತು?

ಆದರೂ ರವಿವಾರ ಬಂದರೆ ಇವರ ದಾರಿಯನ್ನೇ ಕಾಯುತ್ತೇನೆ, ನನ್ನ ಕರ್ಮ. ಈ ಹುಮನಾಬಾದದಲ್ಲಿ ಉಕ್ಕಿನ ವಿಷಯ ಮಾತಾಡಲು ಮತ್ತೊಬ್ಬರಿಲ್ಲ. ನನ್ನ ಅರಿವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವರು ಕೂಡುತ್ತೇವೆ: ನಾನು, ಈ ಶರಣಪ್ಪ, ಮತ್ತು ಗುಮಾಸ್ತಿಕೆ ಮಾಡುವ ಮಾಣಿಕಪ್ಪ. ನಮ್ಮ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಚಾಕುವಿನಿಂದ ಎಡಗೈ ಮೇಲಿನ ಕೂದಲು ಬೋಳಿಸಬೇಕು. ಆಮೇಲೆ ಗಾಳಿಯಲ್ಲಿ ತೂಗುಬಿಟ್ಟ ಕಾಗದ ಸೀಳಬೇಕು. ಕೊನೆಗೆ ಹೆಬ್ಬೆರಳು ದಪ್ಪದ ಸೆಣಬಿನ ಹಗ್ಗವನ್ನು ಹಲಗೆಯ ಮೇಲಿಟ್ಟು ತುಂಡು ತುಂಡು ಕತ್ತರಿಸುತ್ತ ಹೋಗಬೇಕು. ಎಷ್ಟನೆಯ ತುಂಡಿಗೆ ಅಲಗು ಸೋತಿತೋ ಅದೇ ಅದರ ಯೋಗ್ಯತೆ. ಮೂವರ ಎಡಗೈಗಳೂ ಬೋಳು. ನನ್ನ ಹೆಂಡತಿ ಶಕುಂತಲಾಬಾಯಿ ಅದನ್ನು ಕಂಡಾಗಲೆಲ್ಲ ಮುಖ ಸಿಂಡರಿಸುತ್ತಾಳೆ. "ಮೂರು ಮಂದಿ ಲಿಂಗ ಕಟ್ಟಿದವರು, ಹುಟ್ಟಿದಾಗಿಂದ ಒಂದು ಸೌತಿಕಾಯಿ ಹೆಚ್ಚಿ ಗೊತ್ತಿಲ್ಲ. ಚೂರಿ ಮಸಿಯೋ ಹುಚ್ಚು ನೋಡವ್ವ" ಎನ್ನುತ್ತಾಳೆ. ಅವಳಿಗೆ ಏನು ತಿಳಿಯುತ್ತದೆ?

ಇವತ್ತು ಶರಣಪ್ಪನ ಹೊಳೆಯುವ ಸ್ಟೇನ್‌ಲೆಸ್ ಹನ್ನೊಂದನೆಯ ತುಂಡಿಗೆ ಮೊಂಡಾಯಿತು. ಅದರ ಜೊತೆ ಅವನ ಮುಖವೂ. ಮಾಣಿಕಪ್ಪನದು ಕಟ್ಟಿಗೆ ಕೊಯ್ಯುವ ಕರಗಸದ ಪಟ್ಟಿಯಿಂದ ಮಾಡಿಸಿದ್ದು, ಇಪ್ಪತ್ಮೂರು. ನನ್ನದು ನಲವತ್ತೊಂದು! ನಲವತ್ತೊಂದಾದ ಮೇಲೂ ಕೂದಲು ಬೋಳಿಸಿತು. ಬಸವಕಲ್ಯಾಣದ ಕಮ್ಮಾರ ನರಸಿಂಗ ಲಾರಿಯ ಮುರಿದ ಕಮಾನುಪಟ್ಟಿಯನ್ನು ಬಡಿದು ಮಾಡಿಕೊಟ್ಟ ಚಾಕು ಅದು. ಅಲಗಿನ ಬುಡದಲ್ಲಿ ಅವನ ಗುರುತಿದೆ: ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಉಕ್ಕು ಅಂದರೆ ಉಕ್ಕು. ಆದರೆ ಹಿಡಿ ನೋಡಿದರೆ ವಾಕರಿಕೆ ಬರುತ್ತದೆ. ಜಾಲಿ ಕಟ್ಟಿಗೆಯದು, ಒರಟು, ಮೇವು ಕೊಯ್ಯುವ ಕುಡುಗೋಲಿಗೆ ಹಾಕಿದ ಹಾಗೆ. ಆ ಮನುಷ್ಯನಿಗೆ ಅಂದಚೆಂದ ಎನ್ನುವುದೇ ಗೊತ್ತಿಲ್ಲ.

೧೭ ಅಕ್ಟೋಬರ್

ನರಸಿಂಗನ ಚಾಕುವಿಗೆಂದು ಹೇಳಿದ್ದ ಹಿಡಿ ಬೀದರಿನಿಂದ ಬಂತು. ಕರಿ ಹಿಡಿ, ಮೇಲೆ ಬೆಳ್ಳಿಯ ಹೂಬಳ್ಳಿ. ನಾನೇ ಕೂಡಿಸಿದೆ. ಇಂಥ ಕೆಲಸ ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ. ಜಾಲಿ ಹಿಡಿಯನ್ನು ಒಡೆದು ತೆಗೆದು, ಹಿಡಿಯೊಳಗೆ ಹೋಗುವ ಅಲಗಿನ ಬಾಲವನ್ನು ಸ್ಟೋವಿನ ಮೇಲೆ ಕೆಂಪಗೆ ಕಾಯಿಸಿ, ಅರಗು ತುಂಬಿದ ಹೊಸ ಹಿಡಿಯಲ್ಲಿ ಒತ್ತಿದೆ. ಸೊಟ್ಟಗೆ ಕೂತಿತು. ಕಿತ್ತು ಮತ್ತೆ ಕಾಯಿಸಿದೆ. ಮೂರನೆಯ ಸಲಕ್ಕೆ ಸರಿಯಾಯಿತು. ಅರಗು ಉಕ್ಕಿ ಹೊರಗೆ ಬಂದು ಮನೆತುಂಬ ಹೊಲಸು ನಾತ.

"ಅಡಗಿಮನ್ಯಾಗ ಏನು ಸುಡಾಕತ್ತೀರಿ? ಹೆಣ ಸುಟ್ಟಂಗ ನಾರಾಕತ್ತದ" ಎಂದಳು ಶಕುಂತಲಾ. ಹಬ್ಬದ ದಿನಗಳಲ್ಲಿ ಆಡುವ ಮಾತೇ ಇದು! ಅಲಗು ಹೊಗೆಯಿಂದ ಕಪ್ಪಾಗಿತ್ತು. ಬೂದಿ ಹಚ್ಚಿ ತಿಕ್ಕಿದೆ. ಈಗ ನೋಡಿದರೆ ಕಣ್ಣು ತಣಿಯುತ್ತದೆ. ಖಂಡೆ ಪೂಜೆಗೆ ಇದನ್ನೇ ನಡುವೆ ಇಡುತ್ತೇನೆ.

೨೧ ಅಕ್ಟೋಬರ್

ಎಡಗೈ ಹೆಬ್ಬೆರಳಿಗೆ ಐದು ಹೊಲಿಗೆ.

ನಿನ್ನೆ ದಸರೆ. ಬನ್ನಿ ಕೊಡಲು ಬಂದವರೆಲ್ಲ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಹುಡಗಿ ಎಂಬ ಊರಿನ ಬಸವಣಪ್ಪನೂ ಬಂದಿದ್ದ, ಆ ಊರ ಕಬ್ಬು ಬೆಳೆಗಾರರಿಗೆಲ್ಲ ಹಿರಿಯ. ಅವನ ಮುಂದೆ ನನ್ನ ಚಾಕುವಿನ ಗುಣ ತೋರಿಸೋಣ ಎಂದು ಹಗ್ಗ ತರಿಸಿದೆ. ಏಳನೆಯ ತುಂಡಿಗೆ ಅಲಗು ನಿಂತುಬಿಟ್ಟಿತು. ಏಳು! ಅಲಗಿನ ಬಾಯಿ ನೋಡಿದರೆ ತಗಡಿನಂತೆ ಮಡಚಿತ್ತು. ಸಿಟ್ಟಿನಿಂದ ಒತ್ತಿದೆ, ಜಾರಿ ಹೆಬ್ಬೆರಳಿಗೆ ಬಂತು. ಶರಣಪ್ಪ ನಕ್ಕ. ನನ್ನ ರಕ್ತ ಹಲಗೆಯ ಮೇಲೆ ಹರಿಯುವಾಗ ಹಲ್ಲು ಕಿಸಿದು ನಕ್ಕ.

ಹೆಚ್ಚು ಬರೆಯಲಾರೆ.

೨೩ ಅಕ್ಟೋಬರ್

ಎರಡು ದಿನ ಯೋಚಿಸಿದೆ, ಈಗ ತಿಳಿಯಿತು. ನರಸಿಂಗ ಮೋಸ ಮಾಡಿದ್ದಾನೆ. ಒಳಗೆಲ್ಲ ಮೆತ್ತನೆ ಕಬ್ಬಿಣ ಹಾಕಿ, ಮೇಲೆ ಮಾತ್ರ ಉಕ್ಕಿನ ತೊಗಲು ಹೊದಿಸಿದ್ದಾನೆ. ಮೊದಲ ವಾರ ಆ ತೊಗಲು ಕೊಯ್ದಿತು, ಅದು ಸವೆದ ಮೇಲೆ ಒಳಗಿನ ಹೂರಣ ಹೊರಗೆ ಬಂತು. ಹತ್ತು ವರ್ಷ ಅಲಗು ನೋಡಿದ ನನ್ನ ಕಣ್ಣಿಗೇ ಮಣ್ಣೆರಚಿದನಲ್ಲ! ಇಂಥ ಕಳ್ಳ ಕೈಯನ್ನು ನೆನೆಸಿದರೆ ಮೈ ಉರಿಯುತ್ತದೆ.

ಮಧ್ಯಾಹ್ನ ಬಸವಣಪ್ಪ ಅಂಗಡಿಗೆ ಬಂದ. ಹುಡಗಿಯವರು ಪ್ರತಿ ವರ್ಷ ಕಬ್ಬು ಕಡಿಯುವ ಕೊಯ್ತಾಗಳನ್ನೆಲ್ಲ ನರಸಿಂಗನ ಹತ್ತಿರವೇ ಮಾಡಿಸುತ್ತಾರೆ, ಇಡೀ ಊರಿಗೆ.

"ದೀಪಾವಳಿ ಆದಮ್ಯಾಲ ಕಡಿಯೋದು ಸುರು ಆಗ್ತದ್ರಿ. ಈ ಸಲ ಅವನ ಕಡೆ ಹೇಳೋದೋ ಬ್ಯಾಡೋ? ನಿಮ್ಮ ಮಾತ ಮ್ಯಾಲ ಬಿಟ್ಟೀನಿ" ಎಂದ.

ಬ್ಯಾಂಡೇಜು ಕಟ್ಟಿದ ಬೆರಳನ್ನು ಎತ್ತಿ ತೋರಿಸಿದೆ. "ಮ್ಯಾಲ ಉಕ್ಕು, ಒಳಗ ತಗಡು. ಆ ಗುರುತು ಕಂಡ್ರ ಮುಟ್ಟಬ್ಯಾಡ್ರಿ" ಎಂದೆ.

ಸಂಜೆ ಶಕುಂತಲಾ ಊಟಕ್ಕೆ ಬಡಿಸುತ್ತ, "ಆ ಕೊಯ್ತಾದ ಕೆಲಸದ ಮ್ಯಾಲೇ ಅವರ ವರ್ಷದ ರೊಟ್ಟಿ ನಡೀತದ. ನನ್ನ ಇಳಿಗಿನೂ ಅವನೇ ಮಾಡಿದ್ದು, ಹನ್ನೆರಡು ವರ್ಷ ಆತು, ಬದನಿಕಾಯಿ ಬೆಣ್ಣಿಯಂಗ ಕೊಯ್ತದ" ಎಂದಳು. ಇಳಿಗೆಯಂತೆ! ಬದನೆಕಾಯಿ ಕೊಯ್ಯಲು ಉಕ್ಕೇ ಬೇಕೇನು? ಮೋಸಗಾರನ ರೊಟ್ಟಿಯ ಚಿಂತೆ ನನಗೆ ಬೇಡ.

೨ ನವೆಂಬರ್, ರವಿವಾರ

ಶರಣಪ್ಪ ಹುಮನಾಬಾದದಿಂದ ಬಸವಕಲ್ಯಾಣದವರೆಗೆ ಒಂದೊಂದು ಟಿಕೀಟಿನ ಜೊತೆ ನನ್ನ ಕಥೆಯನ್ನೂ ಹರಿದು ಕೊಡುತ್ತಿದ್ದಾನೆ. ಈಗ ಅವನ ಬಾಯಲ್ಲಿ ನನ್ನ ಹೆಬ್ಬೆರಳು ತುಂಡಾಗಿ ಬಿದ್ದಿದೆ. ನಿನ್ನೆ ಗೋರ್ಟಾದ ಗಿರಾಕಿಯೊಬ್ಬ ಧೋತರ ಕೊಳ್ಳಲು ಬಂದು, ಬೆರಳು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿದ. ಅಸಹ್ಯ.

ನರಸಿಂಗನ ಗುರುತಿದ್ದ ಕುಡುಗೋಲು, ಕೊಡಲಿ, ಚೂರಿಗಳನ್ನು ಜನ ಅವನ ಬಾಗಿಲಿಗೆ ಹೋಗಿ ವಾಪಸು ಒಗೆದು ಬರುತ್ತಿದ್ದಾರಂತೆ. ಹುಡಗಿಯವರು ಬೇರೆ ಕಡೆ ಕೊಯ್ತಾ ತರಿಸಿಕೊಂಡರಂತೆ. ಮಾಣಿಕಪ್ಪ ಇದನ್ನು ಹೇಳುವಾಗ ಬಾಯಿ ಚಪ್ಪರಿಸಿದ. ತಿನ್ನುವ ಪದಾರ್ಥವೇ ಅದು? ಇಬ್ಬರನ್ನೂ ನೋಡುತ್ತ ನೋಡುತ್ತ ಸಾಕಾಗಿ ಇವತ್ತು ಹಗ್ಗ ತೆಗೆಯಲೇ ಇಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ.

೧೩ ನವೆಂಬರ್

ನರಸಿಂಗ ತಾನೇ ಬಂದ. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದಾಗಲೇ ಬರಬೇಕೆ? ಮೆಟ್ಟಿಲ ಕೆಳಗೆ ನಿಂತ. ಇದ್ದಿಲು ಮಸಿ, ಬೆವರಿನ ವಾಸನೆ. ಬಿಳಿ ಮಲ್ಲಿನ ತಾನುಗಳನ್ನು ನಾನು ಒಳಗೆ ಸರಿಸಿದೆ.

"ಆ ಚಾಕು ಒಮ್ಮಿ ಕೈಯಾಗ ಕೊಡ್ರಿ ಸಾಹುಕಾರ್ರ. ನೋಡಿ ಕೊಡ್ತೀನಿ, ಅಷ್ಟೇ."

"ನೋಡೋದೇನದ? ಮಾಡಿದಾವ ನೀನೇ, ನಿನಗ ಗೊತ್ತಿಲ್ಲೇನು ಒಳಗೇನು ತುಂಬಿಯಂತ?"

"ಮೂವತ್ತು ವರ್ಷ ಆತ್ರಿ ಆ ಗುರುತು ಹೊಡಿಯಾಕತ್ತು. ಹಿಂಗ ಒಮ್ಮಿನೂ ಆಗಿಲ್ಲ. ಕುಲುಮಿ ಮುಚ್ಚೋ ಹೊತ್ತು ಬಂದದ. ಮುಚ್ಚೂಕಿಂತ ಮೊದಲ ನನ್ನ ಕೈ ಎಲ್ಲಿ ತಪ್ಪಿತು ಅನ್ನೋದಾದ್ರೂ ತಿಳೀಲಿ."

ಗಿರಾಕಿಗಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಚಾಕು ಗಲ್ಲಾಪೆಟ್ಟಿಗೆಯಲ್ಲೇ ಇತ್ತು, ಕೈಗೆ ಎಟಕುವಷ್ಟು ಹತ್ತಿರ. "ಒಗದು ಬಿಟ್ಟೀನಿ, ಹೋಗು" ಎಂದೆ. ಒಂದು ಕ್ಷಣ ನಿಂತ, ಹೋದ. ಅವನು ಅತ್ತಿದ್ದರೆ, ಬೈದಿದ್ದರೆ ಚೆನ್ನಾಗಿತ್ತು. ಏನೂ ಮಾಡಲಿಲ್ಲ.

ರಾತ್ರಿ ರೊಟ್ಟಿ ಹೋಗಲಿಲ್ಲ. ಹೆಬ್ಬೆರಳಿಗೆ ಕೊಟ್ಟ ಗುಳಿಗೆಯ ಗುಣ ಇರಬೇಕು.

೨೩ ನವೆಂಬರ್, ರವಿವಾರ

ಮಾಣಿಕಪ್ಪ ಹೊಸ ಚಾಕು ತಂದ. ರಾಜೇಶ್ವರದ ಸಂತೆಯಲ್ಲಿ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತ ಹೆಂಗಸಿನ ಹತ್ತಿರ ಕೊಂಡದ್ದಂತೆ. ಅಲಗಿನ ಮೇಲೆ ಗುರುತು ಗಿರುತು ಏನೂ ಇಲ್ಲ. ಹಗ್ಗ ಇಟ್ಟೆವು. ನಲವತ್ನಾಲ್ಕು!

"ಸೋಲಾಪುರದ ಮಾಲು ಇದು. ಆ ಕಡೆ ಮಂದಿಗೆ ಉಕ್ಕಂದ್ರ ತಿಳೀತದ" ಎಂದ ಮಾಣಿಕಪ್ಪ, ಎದೆ ಉಬ್ಬಿಸಿ. ಶರಣಪ್ಪ ಅದನ್ನೂ ನೆಕ್ಕಲು ಹೋದ. ಕೈ ಹಿಡಿದು ತಡೆದೆ.

ಬೆಳಕಿಗೆ ಹಿಡಿದು ನೋಡಿದೆ. ಬೆನ್ನಿನ ಮೇಲಿನ ಸುತ್ತಿಗೆ ಏಟುಗಳು, ತುದಿಯ ಹತ್ತಿರ ಹೊಟ್ಟೆ ತುಸು ಉಬ್ಬಿ ಇಳಿದ ರೀತಿ. ಹತ್ತು ವರ್ಷ ಅಲಗು ನೋಡಿದ ಕಣ್ಣು ಇದು. ಕೈ ಯಾರದು ಎಂದು ನನಗೆ ಗೊತ್ತು. ಅವರಿಬ್ಬರೂ ಸೋಲಾಪುರವನ್ನು ಹೊಗಳುತ್ತಲೇ ಇದ್ದರು. ನಾನು ಚಾಕುವನ್ನು ಮಾಣಿಕಪ್ಪನ ಕೈಗೆ ವಾಪಸು ಕೊಟ್ಟೆ.

ಕಳ್ಳ ನರಸಿಂಗ, ಈಗ ಗುರುತನ್ನೂ ಮರೆಮಾಚಿ ಮಾರುತ್ತಿದ್ದಾನೆ! ಆದರೆ ನಲವತ್ನಾಲ್ಕು ತುಂಡು? ಮೋಸದ ಉಕ್ಕಿಗೆ ನಲವತ್ನಾಲ್ಕು ಎಲ್ಲಿಂದ ಬಂತು?

೨೬ ನವೆಂಬರ್

ಶಕುಂತಲಾ ಹಟ ಹಿಡಿದಳು. ಇಳಿಗೆಯ ಬಾಯಿ ಹೋಗಿದೆ, ನರಸಿಂಗನಿಂದಲೇ ಮಸೆಯಿಸಿ ತರಬೇಕು, ಬೇರೆಯವರು ಮುಟ್ಟಿದರೆ ತನಗೆ ಬೇಡ. ಸಾಹುಕಾರನೊಬ್ಬ ಇಳಿಗೆಯನ್ನು ಚೀಲದಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂಡುವುದು! ಹೋದೆ. ನನಗೂ ಒಂದು ಕೆಲಸವಿತ್ತು. ನನ್ನ ಬೆರಳು ಕೊಯ್ದ ಆ ಚಾಕುವನ್ನು ಜೇಬಿನಲ್ಲಿ ಹಾಕಿಕೊಂಡಿದ್ದೆ. ಮುಖಕ್ಕೆ ಒಗೆದು, ನಲವತ್ನಾಲ್ಕರ ಲೆಕ್ಕ ಏನು ಎಂದು ಕೇಳಿಬಿಡಬೇಕೆಂದಿದ್ದೆ.

ಕಲ್ಯಾಣದ ಕೋಟೆ ದಾಟಿ, ತ್ರಿಪುರಾಂತದ ಕಡೆ ಹೋಗುವ ಓಣಿಯಲ್ಲಿ ಅವನ ಕುಲುಮೆ. ಮುಂದೆ ಚರಂಡಿ, ಹಂದಿಗಳು. ಧೋತರದ ಚುಂಗು ಎತ್ತಿ ಹಿಡಿದು ದಾಟಿದೆ. ನರಸಿಂಗ ಇರಲಿಲ್ಲ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಕೊಳ್ಳುವವರು ಯಾರೋ ಬಂದಿದ್ದಾರೆಂದು ಪೇಟೆಗೆ ಹೋಗಿದ್ದ. ಅವನ ಹೆಂಡತಿ ಜಿಜಾಬಾಯಿ ಒಬ್ಬಳೇ ಕೂತಿದ್ದಳು. ಗಂಡ ಇಕ್ಕಳದಲ್ಲಿ ಹಿಡಿದ ಕಬ್ಬಿಣಕ್ಕೆ ದೊಡ್ಡ ಸುತ್ತಿಗೆಯಿಂದ ಹೊಡೆಯುವವಳು ಇವಳೇ. ತೋಳು ನೋಡಿದರೆ ಗೊತ್ತಾಗುತ್ತದೆ. ಪಕ್ಕದಲ್ಲಿ ಹತ್ತಿಪ್ಪತ್ತು ಚಾಕು, ಕುಡುಗೋಲು. ಒಂದಕ್ಕೂ ಗುರುತಿಲ್ಲ.

"ಗುರುತು ಎಲ್ಲಿ?" ಎಂದೆ.

"ಗುರುತು ಇದ್ರ ಮಂದಿ ಮುಟ್ಟೋದಿಲ್ಲರಿ. ಗುರುತು ತೆಗದು ರಾಜೇಶ್ವರಕ್ಕ ಒಯ್ದು ಮಾರಾಕತ್ತೀನಿ. ಆಗ ಚೊಲೋ ಅದ ಅಂತಾರ."

ಚಾಕು ತೆಗೆದು ಮುಂದೆ ಎಸೆದೆ. ಎತ್ತಿಕೊಂಡಳು. ಬೀದರಿನ ಹಿಡಿಯನ್ನು ಒಮ್ಮೆ ನೋಡಿದಳು, ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು. ಗೋಡೆಗೆ ನೇತುಹಾಕಿದ, ಕಬ್ಬಿಣ ಉಜ್ಜುವ ಕಾನಸು ತೆಗೆದು ಅಲಗಿನ ತುದಿಯ ಮೇಲೆ ಎಳೆದಳು. ಗಾಜಿನ ಮೇಲೆ ಎಳೆದಂತೆ ಜಾರಿ ಹೋಯಿತು. ಹಿಡಿಯ ಕಡೆ ತಂದು ಎಳೆದಳು. ಕರ್ ಎಂದು ಕಚ್ಚಿತು, ಕಬ್ಬಿಣದ ಪುಡಿ ಅವಳ ಮಡಿಲಲ್ಲಿ ಉದುರಿತು.

"ತುದಿ ಬದುಕೇದ. ಬುಡದಿಂದ ಅರ್ಧಕ್ಕ ಬರೂತನಕ ಸತ್ತದ. ಇದಕ್ಕ ಯಾರು ಬೆಂಕಿ ಹಚ್ಚಿದ್ರಿ?"

ನಾನು ಬೀದರಿನ ಹಿಡಿಯನ್ನೇ ನೋಡಿದೆ.

"ಹಿಡಿ ನೀವೇ ಕೂಡಿಸಿದ್ರೇನು? ಬಾಲ ಕಾಯಿಸಿದ್ರಿ? ಎಷ್ಟು ಸಲ?"

"ಮೂರು" ಎಂದೆ.

"ಬಾಲ ಕಾಯಿಸೋ ಮುಂದ ಅಲಗಿಗೆ ಹಸಿ ಅರಿವಿ ಸುತ್ತಬೇಕ್ರಿ. ಇಲ್ಲಾಂದ್ರ ಕಾವು ಮ್ಯಾಲ ಏರಿ, ನಾವು ನೀರು ಕುಡಿಸಿ ಕೊಟ್ಟ ಹದ ಎಲ್ಲಾ ಇಳದು ಹೋಗ್ತದ. ಕಮ್ಮಾರರ ಮನೀಯಾಗ ಕೂಸಿಗೂ ಗೊತ್ತದ ಇದು." ಆಮೇಲೆ ನನ್ನ ಮುಖವನ್ನು ನೇರವಾಗಿ ನೋಡಿ ಅಂದರು: "ಅರಿವಿ ಅಂಗಡಿ ಸಾಹುಕಾರ್ರು ನೀವು. ಒಂದು ಹಸಿ ಅರಿವಿ ಸಿಗಲಿಲ್ಲೇನ್ರಿ ನಿಮಗ?"

ಅವರು ಇಳಿಗೆಯನ್ನು ಚೀಲದಿಂದ ತೆಗೆದು, ಕಲ್ಲಿಗೆ ನೀರು ಹಾಕಿ ಮಸೆದುಕೊಟ್ಟರು. ಬೆರಳುಗಳ ಗೆಣ್ಣುಗಳೆಲ್ಲ ಕಪ್ಪಾಗಿ ಸೀಳಿದ್ದವು. ಇಳಿಗೆ ಕಟ್ಟಿಕೊಡುವಾಗ, "ಅಕ್ಕೋರ ಇಳಿಗಿ ಇದು. ಬಾಯಿ ಮ್ಯಾಲ ಕೈ ಇಡಬ್ಯಾಡ್ರಿ" ಎಂದು ಎಚ್ಚರಿಸಿದರು. ಚಾಕು ಅಲ್ಲೇ ಬಿಟ್ಟು ಬಂದೆ.

೨೭ ನವೆಂಬರ್

ಅಂಗಡಿ ತೆರೆಯಲಿಲ್ಲ. ಬಟ್ಟೆಯ ತಾನುಗಳನ್ನು ನೋಡಿದರೇ ಹೇಸಿಗೆ.

೩೦ ನವೆಂಬರ್, ರವಿವಾರ

ತಪ್ಪು ತಿದ್ದುವುದಾದರೆ ತಿಳಿದವರ ಹಾಗೆ, ಪ್ರಮಾಣ ಸಹಿತ ತಿದ್ದಬೇಕು ಎಂದು ನಿರ್ಧರಿಸಿದ್ದೆ. ಬಸವಣಪ್ಪನಿಗೂ ಹೇಳಿ ಕಳಿಸಿದ್ದೆ, ಬಂದ. ನನ್ನ ಜರ್ಮನ್ ಚಾಕುವನ್ನು ಪೆಟ್ಟಿಗೆಯಿಂದ ತೆಗೆದೆ. ತೀರಿಹೋದ ಅಣ್ಣ ಹೈದರಾಬಾದದಿಂದ ತಂದುಕೊಟ್ಟದ್ದು. ಇಷ್ಟು ವರ್ಷ ಅದನ್ನು ಯಾರ ಕೈಗೂ ಕೊಟ್ಟವನಲ್ಲ. ಎಲ್ಲರ ಮುಂದೆ ಹಗ್ಗ ಕೊಯ್ದು ತೋರಿಸಿದೆ: ಮೂವತ್ತೆಂಟು. ಆಮೇಲೆ ಹಿಡಿ ಕಿತ್ತು, ಸ್ಟೋವು ಹಚ್ಚಿ, ಬಾಲವನ್ನು ಮೂರು ಸಲ ಕೆಂಪಗೆ ಕಾಯಿಸಿದೆ. ಮತ್ತೆ ಹಗ್ಗ. ಐದನೆಯ ತುಂಡಿಗೆ ಬಾಯಿ ಮಡಚಿತು. ಅಣ್ಣನ ಚಾಕು.

"ನೋಡಿದ್ರಿ? ಎಂಥ ಉಕ್ಕು ಇದ್ರೂ ಹಿಂಗ ಕಾಯಿಸಿದ್ರ ಸಾಯ್ತದ. ನರಸಿಂಗನ ಚಾಕೂ ಹಿಂಗೇ ಸತ್ತದ್ದು. ಉಕ್ಕಿನ ತಪ್ಪಲ್ಲ" ಎಂದೆ.

ಕತ್ತೆಗಳ ಮುಂದೆ ಪುರಾಣ! "ಅಂದ್ರ ಜರ್ಮನ್ ಮಾಲೂ ಖೊಟ್ಟಿ ಅಂದಂಗಾತು" ಎಂದ ಮಾಣಿಕಪ್ಪ. "ನಾ ಮೊದಲಿಂದ ಹೇಳಾಕತ್ತೀನಿ, ಸ್ಟೇನ್‌ಲೆಸ್ಸೇ ಬರೋಬ್ಬರಿ" ಎಂದ ಶರಣಪ್ಪ.

ಬಸವಣಪ್ಪ ಮಾತ್ರ ಗಡ್ಡ ಕೆರೆಯುತ್ತ ಕೇಳಿದ: "ಹಂಗಾದ್ರ ನಿಮ್ಮ ಚಾಕು ಕಾಯಿಸಿದಾವ ಯಾರ್ರಿ?"

ಮೂರು ಜೊತೆ ಕಣ್ಣು ನನ್ನ ಮೇಲೆ.

"ಯಾರೋ ಕಾಯಿಸಿರಬೇಕು" ಎಂದೆ.

ಬಸವಣಪ್ಪ ತಲೆ ಆಡಿಸಿದ. "ಮತ್ತ್ಯಾರು ಕಾಯಿಸ್ತಾರ್ರಿ? ಕುಲುಮಿ ಇರೋದು ಅವನ ಮನೀಯಾಗ. ಹದಾ ಹಿಡಿಯಾಕ ಬರದ ಕಮ್ಮಾರ. ಕೈ ಬಿಟ್ಟಿದ್ದು ಚೊಲೋ ಆತು" ಎಂದು ಎದ್ದು ಹೋದ.

ತಿದ್ದಲು ಹೋಗಿ ಇನ್ನೊಂದು ಪೆಟ್ಟು ಹಾಕಿದೆ. ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ. ನನ್ನ ಬಾಯಿಯನ್ನು ಬೂದಿ ಹಚ್ಚಿ ತಿಕ್ಕಬೇಕು ಅನಿಸಿತು.

೨ ಡಿಸೆಂಬರ್

ಮತ್ತೆ ಕಲ್ಯಾಣಕ್ಕೆ ಹೋದೆ. ನರಸಿಂಗಪ್ಪ ಇದ್ದರು. ಅಡಿಗಲ್ಲು ಇನ್ನೂ ನೆಲದಲ್ಲೇ ಇತ್ತು, ಸುತ್ತ ಅಗೆದು ಸಡಿಲ ಮಾಡಿದ್ದರು. ಶುಕ್ರವಾರ ಕೊಂಡವರು ಎತ್ತಿಕೊಂಡು ಹೋಗುತ್ತಾರಂತೆ. ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯುವ ಗುಂಪಿಗೆ ಹೆಸರು ಬರೆಸಿದ್ದಾರೆ. ಇಷ್ಟು ವರ್ಷ ಬೇರೆಯವರ ಕೈಗೆ ಕೊಯ್ತಾ ಮಾಡಿಕೊಟ್ಟ ಕೈಗಳು.

ಸುಟ್ಟ ಜರ್ಮನ್ ಚಾಕುವನ್ನು ಅವರ ಕೈಗಿಟ್ಟು, ನಡೆದದ್ದೆಲ್ಲ ಹೇಳಿದೆ. "ಯಾರೋ" ಎಂದದ್ದನ್ನೂ ಹೇಳಿದೆ. ಅವರು ಆ ಅಲಗನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಡಚಿದ ಬಾಯಿಯ ಮೇಲೆ ಉಗುರು ಎಳೆದರು. ತಾವೇ ಮಾಡಿದ ಚಾಕು ಕೆಟ್ಟಿತೆಂದು ಅಂಗಡಿಗೆ ಬಂದ ದಿನವೂ ಅವರ ಮುಖ ಹಾಗಾಗಿರಲಿಲ್ಲ.

"ಜೀವಂತ ಉಕ್ಕು ಕೊಂದಿರಲ್ರೀ."

"ನಿಮ್ಮ ಸಲುವಾಗಿ" ಎಂದೆ.

"ನನ್ನ ಸಲುವಾಗಿ ಅಲ್ಲರಿ. 'ನನ್ನಿಂದ ಆತು' ಅನ್ನೋದು ಒಂದೇ ಮಾತು. ಅದನ್ನ ಹೇಳಾಕ ಇನ್ನ ಎಷ್ಟು ಚಾಕು ಸುಡ್ತೀರಿ ಸಾಹುಕಾರ್ರ?"

ಜಿಜಾಬಾಯಿಯವರು ತಲೆಯ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ನಾನು ಆ ಬೂದಿ ತುಂಬಿದ ನೆಲದ ಮೇಲೆ ಕೂತೆ. ಧೋತರದ ಗತಿ ಏನಾಯಿತೋ ನೋಡಲಿಲ್ಲ. ಕೂತು, "ನನ್ನಿಂದ ಆತು ನರಸಿಂಗಪ್ಪ" ಎಂದೆ.

"ನನಗ ಹೇಳಿ ಏನು ಮಾಡ್ತೀರಿ? ನನಗ ಗೊತ್ತದ" ಎಂದರು.

ಬರುವ ಮಂಗಳವಾರ ರಾಜೇಶ್ವರದಲ್ಲಿ ಉಳಿದ ಮಾಲನ್ನು ಮಾರಲು ಕೂಡುತ್ತಾರೆ. ಅದಕ್ಕೆಲ್ಲ ಗುರುತು ಹೊಡೆದು ತನ್ನಿ, ನಾನೂ ಬಂದು ಪಕ್ಕದಲ್ಲಿ ಕೂಡುತ್ತೇನೆ ಎಂದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಡಿಗಲ್ಲನ್ನು ಶುಕ್ರವಾರ ಕೊಡಬೇಡಿ, ಬುಧವಾರದವರೆಗೆ ತಡೆಯಿರಿ ಎಂದೂ ಕೇಳಿದೆ.

೫ ಡಿಸೆಂಬರ್

ಹುಡಗಿಗೆ ಹೋಗಿ ಬಸವಣಪ್ಪನ ಮನೆಯ ಕಟ್ಟೆಯ ಮೇಲೆ ಹೇಳಿದೆ, ನಾಲ್ಕು ಮಂದಿಯ ಮುಂದೆ. ಕಾಯಿಸಿದವನು ನಾನು. ಈ ವರ್ಷದ ಕೊಯ್ತಾ ಬಂದು ಕೆಲಸ ಸುರುವಾಗಿದೆ, ಇನ್ನೇನೂ ಆಗುವುದಿಲ್ಲ ಎಂದ ಬಸವಣಪ್ಪ. ಚಹಾ ತರಿಸುತ್ತೇನೆ ಎಂದವನು ತರಿಸಲಿಲ್ಲ.

೭ ಡಿಸೆಂಬರ್, ರವಿವಾರ

ಮಾಣಿಕಪ್ಪ, ಶರಣಪ್ಪ ಬಂದಿದ್ದರು. ಅವರಿಗೂ ಹೇಳಿದೆ. ಮಾಣಿಕಪ್ಪನ ಸೋಲಾಪುರದ ಚಾಕು ಎಲ್ಲಿಯದು ಎಂದೂ ಹೇಳಿದೆ. ಅವನು ಅದನ್ನು ಜೇಬಿನಿಂದ ತೆಗೆದು ನೋಡಿ, ಮತ್ತೆ ಜೇಬಿನಲ್ಲಿಟ್ಟುಕೊಂಡ. ಶರಣಪ್ಪನಿ‌ಗೆ, ಇನ್ನು ಮೇಲೆ ಬಸ್ಸಿನಲ್ಲಿ ಈ ಕಥೆ ಹೇಳು ಎಂದೆ. "ಇದರಾಗ ಏನು ಮಜಾ ಅದರಿ ಅಣ್ಣ, ಯಾರು ಕೇಳ್ತಾರ?" ಎಂದ. ಖರೇ ಇರಬಹುದು.

ಹಗ್ಗದ ಸುರುಳಿಯನ್ನು ಶಕುಂತಲಾಬಾಯಿ ಬಾವಿಗೆ ಕಟ್ಟಲು ಕೇಳಿದಳು, ಕೊಟ್ಟೆ.

೯ ಡಿಸೆಂಬರ್

ರಾಜೇಶ್ವರದಿಂದ ಈಗ ಬಂದೆ. ಮೈಯೆಲ್ಲ ಧೂಳು.

ಬೆಳಿಗ್ಗೆ ಹೋದಾಗ ಜಿಜಾಬಾಯಿಯವರು ಗೋಣಿತಟ್ಟು ಹಾಸಿದ್ದರು. ನರಸಿಂಗಪ್ಪನವರು ತುಸು ದೂರ ಬೇವಿನ ಗಿಡದ ಕೆಳಗೆ ಬೆನ್ನು ಮಾಡಿ ಕೂತಿದ್ದರು. ಅಡಿಗಲ್ಲು ಶುಕ್ರವಾರ ಹೋಯಿತೋ ಉಳಿಯಿತೋ, ಕೇಳುವ ಧೈರ್ಯ ನನಗಾಗಲಿಲ್ಲ. ಚಾಕು, ಕುಡುಗೋಲು, ಕಳೆ ತೆಗೆಯುವ ಕುರಪಿ, ಎಲ್ಲದಕ್ಕೂ ಗುರುತು ಬಿದ್ದಿತ್ತು. ಹೊಸ ಏಟು, ಬೆಳ್ಳಗೆ ಹೊಳೆಯುತ್ತಿತ್ತು. ನಾನು ತಟ್ಟಿನ ಅಂಚಿನ ಮೇಲೆ ಕೂತೆ. ಪಕ್ಕದ ಒಣಮೆಣಸಿನಕಾಯಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಹುಕಾರ್ರು ಇಲ್ಲ್ಯಾಕ?" ಎಂದ.

ಜನ ಬಂದರು, ಅಲಗು ಎತ್ತಿದರು, ಗುರುತು ಕಂಡರು, ಇಟ್ಟು ಹೋದರು. ಒಬ್ಬೊಬ್ಬರಿಗೂ ಹೇಳಿದೆ. ಕೆಲವರು ನಕ್ಕರು. ಇವರು ನಿನಗೆ ಏನು ಕೊಟ್ಟಿದ್ದಾರೆ ಎಂದು ಒಬ್ಬ ಕೇಳಿದ. ಇಬ್ಬರು ಹುಡುಗಾಟಕ್ಕೆ ಮತ್ತೆ ಮತ್ತೆ ಹೇಳಿಸಿಕೊಂಡು, ಏನೂ ಕೊಳ್ಳದೆ ಹೋದರು. ಮಧ್ಯಾಹ್ನದವರೆಗೆ ಒಂದು ಕುರಪಿ ಮಾತ್ರ ಹೋಯಿತು.

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಮುದುಕಿ ಬಂದಳು, ಕುರಿ ಕಾಯುವವರ ಪೈಕಿ, ಗಂಗುಬಾಯಿ ಎಂದು ಯಾರೋ ಕರೆದರು. ಕುಡುಗೋಲು ಎತ್ತಿ, ತೂಗಿ, ಗುರುತನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದು ಆ ಕಲ್ಯಾಣದಾವನ ಗುರುತಲ್ಲೇನು? ಇದು ಖೊಟ್ಟಿ ಅಂತ. ಹುಮನಾಬಾದದಾಗ ಯಾವನೋ ಸಾಹುಕಾರ ಹೇಳ್ಯಾನ, ಅವನ ಬೆರಳೇ ಹೋತಂತ."

"ಆ ಸಾಹುಕಾರ ನಾನೇ ಅವ್ವ" ಎಂದೆ. ಎಡಗೈ ಮುಂದೆ ಮಾಡಿದೆ. "ಬೆರಳು ಹೋಗಿಲ್ಲ. ಚಾಕು ಕೆಡಿಸಿದಾವ ನಾನು. ನನ್ನ ತಪ್ಪು ಮುಚ್ಚಿಕೊಂಡು ಅವರ ಹೆಸರು ಹೇಳಿದೆ. ಅವರ ಕಬ್ಬಿಣದಾಗ ಏನೂ ಮೋಸ ಇಲ್ಲ."

ಮುದುಕಿ ನನ್ನ ಕೈ ನೋಡಿದಳು, ಮುಖ ನೋಡಿದಳು. ಜಿಜಾಬಾಯಿಯವರ ಕಡೆ ತಿರುಗಿ ಅವರನ್ನೂ ನೋಡಿದಳು. ಆಮೇಲೆ ನನ್ನ ಪಾದದಿಂದ ಒಂದು ಗೇಣು ಆಚೆಗೆ ಕ್ಯಾಕರಿಸಿ ಉಗುಳಿದಳು.

"ಥೂ ನಿನ್ನ" ಎಂದಳು.

ಸುತ್ತಲಿನವರು ನಿಂತು ನೋಡುತ್ತಿದ್ದರು. ಮೆಣಸಿನಕಾಯಿಯವನು ತಕ್ಕಡಿ ಕೆಳಗಿಟ್ಟ. ನಾನು ಕಾಲು ಹಿಂದೆ ತೆಗೆಯಲಿಲ್ಲ. ಮುದುಕಿ ಸೆರಗಿನ ಗಂಟು ಬಿಚ್ಚಿ ಜಿಜಾಬಾಯಿಯವರ ಕೈಗೆ ದುಡ್ಡು ಕೊಟ್ಟು, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಹೋಗುತ್ತ ದಾರಿಯಲ್ಲಿ ಇನ್ನೊಬ್ಬಳಿಗೆ ಅದರ ಗುರುತು ತೋರಿಸಿ, ನನ್ನ ಕಡೆ ಬೆರಳು ಮಾಡಿ ಏನೋ ಹೇಳಿದಳು. ಆ ಇನ್ನೊಬ್ಬಳೂ ಬಂದು ಒಂದು ಕುಡುಗೋಲು ತೆಗೆದುಕೊಂಡಳು.